ಬಿಕ್ಕೋಡಿನಿಂದ ಹುಲ್ಲಿನ ಸೀಮೆಗೆ

ಯೂರೋಪಿನ ಡಾನ್ಯೂಬ್ ನದಿಯ ಬಯಲಿನಿಂದ ಮಂಚೂರಿಯದವರೆಗೆ ಸುಮಾರು 8,000 ಕಿಲೋಮೀಟರು ಉದ್ದಕ್ಕೆ ಮರವಿಲ್ಲದ ಹುಲ್ಲುನೆಲವು ಹಬ್ಬಿರುವುದು. ಸ್ಟೆಪ್ಪೀ ಎಂದು ಭೂಗೋಳಶಾಸ್ತ್ರವು ಕರೆಯುವ ಆ ಸೀಮೆಯನ್ನು ಮೋಟಾರು ಸೈಕಲಿನ ಮೇಲೆ ದಾಟಬೇಕೆಂಬ ಹಂಬಲವು ಲೋಕದ ಅನೇಕ ತರುಣರಿಗುಂಟು. ಅಷ್ಟು ದೂರ ಹೋಗಿಬರುವ ಅನುಕೂಲವು ಎಲ್ಲ ಮನೆಗಳಲ್ಲಿಯೂ ಇರಲಾರದು. ಆದರೆ ಅದರ ಚಿಕ್ಕ ತಮ್ಮನೆನ್ನಬಹುದಾದ ನೆಲವೊಂದು ನಮ್ಮ ನಾಡಿನಲ್ಲಿಯೇ ಇದೆ. ಬೇಲೂರು ತಾಲ್ಲೂಕಿನ ಬಿಕ್ಕೋಡಿನಿಂದ ಹೊರಟವನು ಹೊತ್ತು ಮುಳುಗುವುದರೊಳಗಾಗಿ ಅದನ್ನು ಮುಟ್ಟಬಹುದು.

ಬಿಕ್ಕೋಡು ಕಾಫಿ ತೋಟಗಳ ಊರು. ಮೆಣಸಿನ ಬಳ್ಳಿ ಹಬ್ಬಿದ ಮರಗಳ ನೆರಳು ದಾರಿಯ ಮೇಲೆಯೇ ಬಿದ್ದಿರುವುದು. ಈ ತೋಟಗಳಲ್ಲಿ ಕಾಡಾನೆಗಳ ಸಂಚಾರವುಂಟಾದುದರಿಂದ ನಸುಕಿನಲ್ಲಿ ಹೊರಡದೆ, ಚೆನ್ನಾಗಿ ಬೆಳಕು ಹರಿದ ಮೇಲೆಯೇ ಹೊರಡತಕ್ಕದ್ದು. ಬೇಲೂರು, ಹಳೇಬೀಡು, ಜಾವಗಲ್ಲು, ಬಾಣಾವರ, ಕಡೂರು, ಬೀರೂರು, ಅಜ್ಜಂಪುರ: ಇದು ದಾರಿ. ಬೇಲೂರಿಗೂ ಹಳೇಬೀಡಿಗೂ 16 ಕಿಲೋಮೀಟರು. ಒಟ್ಟಿನಲ್ಲಿ ಅಜ್ಜಂಪುರಕ್ಕೆ ನೂರರ ಆಸುಪಾಸು.

ಮುಚ್ಚಿದ ಬಂಡಿಯಲ್ಲಿ ಕುಳಿತವನಿಗೆ ತಿಳಿಯದ ಸಂಗತಿಯೊಂದು ಮೋಟಾರು ಸೈಕಲಿನವನಿಗೆ ಮೈಗೇ ತಿಳಿಯುವುದು. ಹಳೇಬೀಡು ಕಳೆದಂತೆ ಗಾಳಿಯ ತಂಪು ಇಳಿಯುತ್ತದೆ. ಜಾವಗಲ್ಲು ದಾಟಿದ ಮೇಲೆ ತೆಂಗು, ರಾಗಿ, ಬಳಿಕ ಜಾಲಿ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಪಶ್ಚಿಮ ಘಟ್ಟಗಳ ಮೇಲೆಯೇ ತಮ್ಮ ಭಾರವನ್ನು ಇಳಿಸಿಬಿಡುವುದರಿಂದ, ಪೂರ್ವಕ್ಕೆ ಹೋದಷ್ಟೂ ಮಳೆ ಕಡಮೆ. ದಟ್ಟವಾದ ಕಾಡನ್ನು ಸಾಕಲು ಆ ಮಳೆ ಸಾಲದು, ಹುಲ್ಲಿಗೆ ಸಾಕು. ಸ್ಟೆಪ್ಪೀಯಂತೆ ಇಲ್ಲಿ ಹಿಮ ಬೀಳದಿದ್ದರೂ ಹುಲ್ಲು ಗೆದ್ದ ಬಗೆ ಎರಡು ಕಡೆಯಲ್ಲಿಯೂ ಒಂದೇ.

ಈ ಹುಲ್ಲುನೆಲಗಳಿಗೆ ಅಮೃತಮಹಲ್ ಕಾವಲುಗಳೆಂದು ಹೆಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ತೋಪುಗಳನ್ನೂ ದಂಡಿನ ಸಾಮಾನುಗಳನ್ನೂ ವೇಗದಿಂದ ಎಳೆಯುವುದಕ್ಕೆ ಈ ಎತ್ತುಗಳಿಗೆ ಸಮಾನವಿರಲಿಲ್ಲ. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದ ವೆಲ್ಲೆಸ್ಲಿಯೂ ಇವುಗಳನ್ನೇ ನೆಚ್ಚಿಕೊಂಡನು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ನೆಲವನ್ನು ವಿಂಗಡಿಸಿ, ಋತುವನ್ನನುಸರಿಸಿ ಮಂದೆಗಳನ್ನು ನಡೆಸುತ್ತಿದ್ದರು. ಮಂಗೋಲಿಯದ ಪಶುಪಾಲಕರು ಮಾಡುವುದೂ ಇದನ್ನೇ. ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ತಳಿ ಕೇಂದ್ರವು ಈ ಜಾತಿಯ ದನಗಳನ್ನು ಸಾಕುತ್ತ ಬಂದಿದೆ.

ವಾಹನದ ವಿಷಯದಲ್ಲಿಯೂ ನಮ್ಮ ನಾಡಿಗೆ ಪರಂಪರೆಯುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿದರೂ, ಅಲ್ಲಿ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಒಪ್ಪವಾಗಿಟ್ಟುಕೊಂಡು ಓಡಿಸುವವರು ಈಗಲೂ ಇದ್ದಾರೆ. ಗಾಡಿ ಯಾವುದಾದರೂ ಆಗಲಿ, ಕಾವಲು ಸೀಮೆಯಲ್ಲಿ ಜಾಲಿಯ ಮುಳ್ಳೇ ಚಕ್ರದ ಶತ್ರು. ತೂತು ಮುಚ್ಚುವ ಸಾಮಾನು, ಗಾಳಿ ಹಾಕುವ ಪಂಪು, ಬೇಕಾದುದಕ್ಕಿಂತ ಇಮ್ಮಡಿ ನೀರು, ತಲೆಗೆ ಶಿರಸ್ತ್ರಾಣ ಇವು ಇಲ್ಲದೆ ಹೊರಡಬಾರದು. ನಡುಮಧ್ಯಾಹ್ನ ನಿಲ್ಲಲು ನೆರಳಿರುವುದಿಲ್ಲ, ಎದುರುಗಾಳಿಯೂ ಜೋರು. ಒಬ್ಬನೇ ಹೋಗುವುದಕ್ಕಿಂತ ಇಬ್ಬರು ಹೋಗುವುದು ಲೇಸು.

ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವು ಉತ್ತಮ. ಆಗ ಕಾವಲುಗಳಲ್ಲಿ ವಿಚಿತ್ರವಾದ ಅತಿಥಿಯೊಬ್ಬನನ್ನು ಕಾಣಬಹುದು. ಸೆಳೆವ ಎಂಬ ಗಿಡುಗನ ಜಾತಿಯ ಹಕ್ಕಿಯು ಕಜಕಸ್ಥಾನದ ಸ್ಟೆಪ್ಪೀಯಲ್ಲಿ ಮರಿಮಾಡಿ, ಚಳಿಗಾಲವನ್ನು ಕಳೆಯಲು ನಮ್ಮ ದೇಶದ ಹುಲ್ಲುಗಾವಲುಗಳಿಗೆ ಬರುತ್ತದೆ. ಹುಲ್ಲಿನ ಮೇಲೆಯೇ ತಗ್ಗಾಗಿ ತೇಲುತ್ತ ಬೇಟೆಯಾಡುತ್ತದೆ. ರಾತ್ರಿ ನೆಲದ ಮೇಲೆ ಹುಲ್ಲಿನ ನಡುವೆ ಮಲಗುತ್ತದೆ. ನಾವು ಕನಸಿನಲ್ಲಿ ಮಾಡುವ ಪ್ರಯಾಣವನ್ನು ಅದು ವರ್ಷವರ್ಷವೂ ರೆಕ್ಕೆಯ ಮೇಲೆ ಮಾಡುವುದು. ಆ ದೇಶವೂ ಈ ಕಾವಲೂ ಅದಕ್ಕೆ ಒಂದೇ ಮನೆಯ ಎರಡು ಕೋಣೆಗಳು. ಒಂದು ಕೋಣೆ ಬಿದ್ದರೆ ಮನೆಯೇ ಹಾಳು.

ಇಲ್ಲಿಯೇ ಯೋಚಿಸಬೇಕಾದ ಮಾತಿರುವುದು. ಮರವಿಲ್ಲದ ನೆಲವನ್ನು ಬಂಜರೆಂದು ಕರೆಯುವುದು ನಮ್ಮ ರೂಢಿ. ಬಂಜರೆಂದು ಬರೆದ ಮೇಲೆ ಉತ್ತರೂ ಸರಿ, ನೀಲಗಿರಿ ನೆಟ್ಟರೂ ಸರಿ, ಕಟ್ಟಡ ಕಟ್ಟಿದರೂ ಸರಿ. ಚಳ್ಳಕೆರೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ಈ ಶತಮಾನದಲ್ಲಿ ವಿಜ್ಞಾನಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಸಂದಿತು. ದನಕುರಿಗಳನ್ನು ಮೇಯಿಸುತ್ತಿದ್ದ ಹಳ್ಳಿಗರು ಹಸುರು ನ್ಯಾಯಾಧಿಕರಣದ ಮುಂದೆ ನಿಲ್ಲಬೇಕಾಯಿತು. ವಿಜ್ಞಾನವು ಬೇಡವೆಂದು ಯಾರೂ ಹೇಳರು. ಆದರೆ ಹುಲ್ಲು ಬುಡದಿಂದ ಬೆಳೆಯುವುದು. ಮೇದರೆ ಮತ್ತೆ ಚಿಗುರೀತು, ಅಗೆದರೆ ಹಳೆಯ ಕಾವಲು ಒಂದು ತಲೆಮಾರಿನಲ್ಲಿ ಮರಳಿ ಬಾರದು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲೆಂದು ಸಾರಿರುವುದು ಸಮಾಧಾನದ ಸಂಗತಿ. ಅಲ್ಲಿ ಕೃಷ್ಣಮೃಗಗಳಿವೆ.

ಪ್ರವಾಸಿಯ ಪಾಲಿನ ಧರ್ಮವು ಇಷ್ಟೆ: ಮೀಸಲಿಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹೋಗಬಾರದು, ಬಂಡಿಜಾಡನ್ನು ಬಿಟ್ಟು ಹುಲ್ಲಿನ ಮೇಲೆ ಚಕ್ರ ಹರಿಸಬಾರದು, ಏಕೆಂದರೆ ಗೌಜಲು, ನೆಲಗುಬ್ಬಿ ಮೊದಲಾದವು ನೆಲದ ಮೇಲೆಯೇ ಮೊಟ್ಟೆಯಿಡುವುವು, ಬೆಂಕಿಯ ಕಿಡಿಯನ್ನು ಬಿಡಬಾರದು. ಇಂಜಿನನ್ನು ನಿಲ್ಲಿಸಿ, ಗಾಳಿಗೆ ಹುಲ್ಲು ಬಾಗುವ ಸದ್ದನ್ನು ಅರೆಗಳಿಗೆ ಕೇಳಬೇಕು. ಮಕ್ಕಳು ಹೀಗೆ ನೋಡಿ ಬಂದು ಮನೆಯಲ್ಲಿ ಹೇಳಿದರೆ, ಬಂಜರೆಂಬ ಮಾತು ಆ ಮನೆಯವರ ಬಾಯಿಂದಲಾದರೂ ಬಿಟ್ಟುಹೋಗುವುದು.