ಪರದೇಶದ ವಾರ್ಡಿನಲ್ಲಿ ನಮ್ಮ ನರ್ಸ್

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಲಿತು ಐಸಿಯುನಲ್ಲಿ ವರ್ಷಗಟ್ಟಲೆ ದುಡಿದ ನರ್ಸ್ ಒಬ್ಬರು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಸೇರಲು ಹೊರಟಿದ್ದಾರೆ ಎನ್ನಿ. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಆಮೇಲೆ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ, ಇಷ್ಟನ್ನೂ ದಾಟಿದರೆ ಅಲ್ಲಿನ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಾಗುತ್ತದೆ. ಇವಕ್ಕೆಲ್ಲ ಕೋಚಿಂಗ್ ಸಿಗುತ್ತದೆ. ನೆರವು ನಿಜವಾಗಿ ಬೇಕಾಗುವುದು ವಾರ್ಡಿಗೆ ಕಾಲಿಟ್ಟ ಮೇಲೆ.

ಅಳತೆಯ ಮಾನವೇ ಬೇರೆ, ಹಾಗಾಗಿ ನಮ್ಮಲ್ಲಿ 180 ಎಂದು ಬರೆಯುವ ರಕ್ತದ ಸಕ್ಕರೆ ಅಲ್ಲಿನ ಮೀಟರಿನಲ್ಲಿ 10. ಜ್ವರದ ಲೆಕ್ಕ ಸೆಲ್ಸಿಯಸ್‌ನಲ್ಲಿ. ಮಾತ್ರೆಗೆ ಕಂಪನಿ ಇಟ್ಟ ಹೆಸರಿಗಿಂತ ಔಷಧದ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಇವೆಲ್ಲ ಬೇಗ ರೂಢಿಯಾಗುತ್ತವೆ.

ರೋಗಿಗೆ ಉಣಿಸುವುದು, ಮೈ ಒರೆಸುವುದು ನಮ್ಮಲ್ಲಿ ಬಹುಪಾಲು ಮನೆಯವರ, ಇಲ್ಲವೇ ಆಯಾಗಳ ಕೆಲಸ. ಅಲ್ಲಿ ಸಹಾಯಕರು ಜೊತೆಗಿದ್ದರೂ ಅದು ನರ್ಸಿನ ಹೊಣೆಯೇ. ಇತ್ತ, ಲೆಕ್ಕವಿಲ್ಲದಷ್ಟು ಡ್ರಿಪ್ ಹಾಕಿದ ಕೈಗೆ ಆ ಆಸ್ಪತ್ರೆಯ ತರಬೇತಿ, ಮೌಲ್ಯಮಾಪನ ಮುಗಿಯುವ ತನಕ ರಕ್ತನಾಳಕ್ಕೆ ಔಷಧ ಕೊಡಲು ಸಾಮಾನ್ಯವಾಗಿ ಅನುಮತಿಯಿಲ್ಲ. ಕಲಿತದ್ದೆಲ್ಲ ನೀರುಪಾಲಾಯಿತೆಂದು ಕುಗ್ಗುವವರಿದ್ದಾರೆ. ನಿಯಮ ಯಾಕಿದೆ ಎಂಬುದನ್ನು ಮೊದಲ ದಿನವೇ ಕೂರಿಸಿ ಹೇಳಬೇಕು, ಮೌಲ್ಯಮಾಪನವನ್ನು ತಿಂಗಳುಗಟ್ಟಲೆ ಮುಂದೂಡಬಾರದು. ಅನುಭವಸ್ಥರನ್ನು ಸುಮ್ಮನೆ ಕಾಯಿಸುವುದು ಅನ್ಯಾಯ.

ಎಲ್ಲಕ್ಕಿಂತ ಕಷ್ಟದ್ದು ಡಾಕ್ಟರಿಗೆ ಫೋನ್ ಮಾಡುವುದು. ರಾತ್ರಿ ಪಾಳಿಯಲ್ಲಿ ಒಬ್ಬ ರೋಗಿಯ ಉಸಿರಾಟ ನಿಮಿಷಕ್ಕೆ 22, ಆಮ್ಲಜನಕ ಶೇ. 93, ನಾಡಿ 112, ಮೇಲಿನ ಬಿಪಿ 108. ಒಂದೊಂದನ್ನೇ ನೋಡಿದರೆ ಗಾಬರಿ ಹುಟ್ಟಿಸುವಂಥದ್ದಲ್ಲ. ಆದರೆ ರೋಗಿಯ ಸ್ಥಿತಿ ಹದಗೆಡುವುದನ್ನು ಅಂಕಗಳಲ್ಲಿ ಗುರುತಿಸಲು ಬ್ರಿಟನ್ನಿನ ವಾರ್ಡುಗಳಲ್ಲಿ ಬಳಸುವ ನ್ಯೂಸ್-2 ಪಟ್ಟಿಯಲ್ಲಿ ಇವಕ್ಕೆ ಕ್ರಮವಾಗಿ 2, 2, 2, 1 ಅಂಕ, ಒಟ್ಟು 7. ಏಳು ಮುಟ್ಟಿದರೆ ಅದು ತುರ್ತು. ರೌಂಡ್ಸಿಗೆ ಬಂದಾಗ ಹೇಳಿದರಾಯಿತು ಎನ್ನುವಂತಿಲ್ಲ. ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ಈಗ ಏನು ಮಾಡಬೇಕು, ಈ ನಾಲ್ಕನ್ನೂ ನರ್ಸೇ ಹೇಳಬೇಕು. ಮೊದಲ ಮೂರು ಸರಾಗವಾಗಿ ಬರುತ್ತವೆ. "ಡಾಕ್ಟರ್, ನೀವು ಈಗಲೇ ಬಂದು ನೋಡಬೇಕು" ಎನ್ನುವಾಗ ಗಂಟಲು ಕಟ್ಟುತ್ತದೆ. ಹಿರಿಯ ಡಾಕ್ಟರ ಎದುರು ತಗ್ಗಿ ನಿಲ್ಲುವುದನ್ನೇ ಮರ್ಯಾದೆಯೆಂದು ಕಲಿತು ಬಂದವರು ಅವರು. ಅಲ್ಲಿ ಸುಮ್ಮನಿದ್ದರೆ ರೋಗಿಯ ಜೀವಕ್ಕೇ ಕುತ್ತು.

ಇದು ಕೈಪಿಡಿ ಓದಿ ಬರುವ ವಿದ್ಯೆಯಲ್ಲ. ಒಬ್ಬರು ಡಾಕ್ಟರಾಗಿ ರೇಗುವ, ಇನ್ನೊಬ್ಬರು ಜಗ್ಗದೆ ಹೇಳುವ ಅಣಕು ಕರೆಗಳನ್ನು ಮಾಡಿಸಬೇಕು. ಇದೇ ದಾರಿಯಲ್ಲಿ ಒಂದೆರಡು ವರ್ಷ ಮುಂಚೆ ಬಂದ ನರ್ಸ್ ಪಕ್ಕದಲ್ಲಿದ್ದು ಹೇಳಿಕೊಡುವುದಾದರೆ ಇನ್ನೂ ಒಳ್ಳೆಯದು. ಕರೆದದ್ದು ಅನಗತ್ಯವಾಗಿತ್ತೆಂದು ಆಮೇಲೆ ತಿಳಿದರೂ, ಕರೆದದ್ದೇ ಸರಿ ಎಂದು ವಾರ್ಡಿನ ಮೇಲ್ವಿಚಾರಕರು ಎಲ್ಲರೆದುರು ಹೇಳಬೇಕು.