ಮೊದಲ ಗಿಣ್ಣು

ಅಮೃತಮಹಲ್ ರಾಸುಗಳ ಸಂವರ್ಧನ ಕೇಂದ್ರವಿರುವ ಅಜ್ಜಂಪುರವಿರಲಿ, ನೆರೆಯ ಕಡೂರು ತರೀಕೆರೆಗಳಿರಲಿ, ಈದ ಹಸುವಿನ ಗಿಣ್ಣು ಮೊದಲು ಕರುವಿನ ಬಾಯಿಗೆ ಸೇರಬೇಕೆಂಬುದು ದನ ಸಾಕಿದವರೆಲ್ಲ ಬಲ್ಲ ಮಾತು. ಬಾಣಂತಿಯ ಮೊದಲ ಹಳದಿ ಹಾಲನ್ನು ಮಾತ್ರ ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಶಿಶುವಿನ ನಾಲಗೆಗೆ ಜೇನನ್ನೋ ಸಕ್ಕರೆ ನೀರನ್ನೋ ಹರಳೆಣ್ಣೆಯನ್ನೋ ಸವರುವ ವಾಡಿಕೆ ನಾಡಿನ ಹಲವೆಡೆ ಬಹುಕಾಲ ನಡೆದುಬಂದಿತು. ಇನ್ನೂ ಪೂರ್ತಿ ಅಳಿದಿಲ್ಲ. ಕರುವಿಗೆ ಸಂದ ನ್ಯಾಯ ಕೂಸಿಗೆ ಸಲ್ಲದೆ ಹೋದುದು ಸೋಜಿಗವೇ ಸರಿ.

ಆ ಹಾಲು ಮೊದಲ ದಿನ ಚಮಚೆಗಳ ಲೆಕ್ಕದಲ್ಲಷ್ಟೆ ಬರುತ್ತದೆ. ಹಾಲೇ ಇಲ್ಲವೆಂದು ಮನೆಯ ಹಿರಿಯರು ಗಾಬರಿಗೊಳ್ಳುವುದು ಇಲ್ಲಿಯೇ. ಆದರೆ ನವಜಾತ ಶಿಶುವಿನ ಪುಟ್ಟ ಹೊಟ್ಟೆಗೆ ಅಷ್ಟು ಸಾಕು; ಅದರಲ್ಲಿ ದಟ್ಟವಾಗಿರುವ ರೋಗನಿರೋಧಕ ದ್ರವ್ಯಗಳು ಕರುಳಿಗೆ ಕಾಪಾಗುತ್ತವೆ. ಜೇನಾದರೋ, ವರ್ಷ ತುಂಬದ ಕೂಸಿಗೆ ಬಾಟ್ಯುಲಿಸಂ ಎಂಬ ವಿಷಬಾಧೆಯನ್ನು ತರಬಲ್ಲುದು.

ಹುಟ್ಟಿ ಅತ್ತ ಮಗುವನ್ನು ಒರೆಸಿ, ತಾಯಿಯ ಬರಿಯೆದೆಯ ಮೇಲೆ ಮಲಗಿಸಿ, ಇಬ್ಬರಿಗೂ ಹೊದಿಸಬೇಕು. ಆ ಬಿಸುಪಿನಲ್ಲಿ ಕೂಸು ತಾನಾಗಿ ಮೊಲೆಯನ್ನು ಅರಸುತ್ತದೆ. ಅದು ಚೀಪಿದಷ್ಟೂ ಹಾಲು ಊರುತ್ತದೆ. ಮೊದಲ ಗಂಟೆಯೊಳಗೆ ಹಾಲೂಡಿಸಬೇಕು, ಸ್ನಾನವನ್ನು 24 ಗಂಟೆ ಮುಂದೂಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರೆದುಕೊಂಡ ಕೂಸಿನ ಮೈ ಬೇಗ ತಣ್ಣಗಾಗುತ್ತದೆ. ಜಡಿಮಳೆಯ ತಿಂಗಳುಗಳಲ್ಲಂತೂ ಹೇಳಬೇಕಿಲ್ಲ. ಶಸ್ತ್ರಕ್ರಿಯೆಯಿಂದ ಹೆತ್ತವಳೂ ಎಚ್ಚರವಾಗಿದ್ದು, ಪಕ್ಕದಲ್ಲಿ ಕೂಸಿಗೆ ಆಸರೆಯಾಗಿ ಹಿಡಿಯುವವರೊಬ್ಬರಿದ್ದರೆ, ಹಾಲೂಡಿಸಬಲ್ಲಳು. ಎಣ್ಣೆಯ ಬಟ್ಟಲು ಹಿಡಿದು ನಿಂತ ಅಜ್ಜಿಗೆ ಆ ಕೆಲಸವನ್ನೇ ಒಪ್ಪಿಸಬಹುದು.