ಆಡಿದ ತಂಡಕ್ಕೇ ಗುರುವಾಗಿ ಬಂದವರು

ಕಾಫಿ ಕೊಯ್ಲು ಮುಗಿದು ಪಲ್ಪರ್ ಸದ್ದು ನಿಂತ ಮೇಲೆ ಮೂಡಿಗೆರೆ, ಕಳಸ ಕಡೆಯ ಗ್ರೌಂಡುಗಳಿಗೆ ಜೀವ ಬರುತ್ತೆ. ಅಂಡರ್ ಆರ್ಮ್, ಓವರ್ ಆರ್ಮ್ ಟೂರ್ನಮೆಂಟುಗಳ ಬ್ಯಾನರ್ ಏಳುತ್ತವೆ. ಮಳೆ ಹಿಡಿಯುವವರೆಗೆ ನಮ್ಮ ಹುಡುಗರಿಗೆ ಅದೇ ಸಂಭ್ರಮ. ಆಮೇಲೆ ಒಬ್ಬ ಗಲ್ಫಿಗೆ, ಒಬ್ಬ ಅಂಗಡಿಗೆ, ಒಬ್ಬ ಡ್ರೈವಿಂಗಿಗೆ. ಬ್ಯಾಟು ಅಟ್ಟ ಸೇರುತ್ತೆ. ಆಡೋದು ನಿಂತರೆ ಆಟದ ಸಂಬಂಧವೂ ಮುಗೀತು ಅಂತ ನಾವೆಲ್ಲ ಅಂದುಕೊಂಡುಬಿಟ್ಟಿದ್ದೇವೆ. ಹಾಗಲ್ಲ ಅನ್ನೋದಕ್ಕೆ ನಮ್ಮ ರಾಜ್ಯ ತಂಡದಲ್ಲೇ ಒಳ್ಳೆಯ ಉದಾಹರಣೆ ಇದೆ.

1990ರ ದಶಕದಲ್ಲಿ ಕರ್ನಾಟಕ ಮೂರು ಸಲ ರಣಜಿ ಟ್ರೋಫಿ ಗೆದ್ದಿತು: 1995-96, 1997-98, 1998-99. ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಅವರ ಆ ಕಾಲದಲ್ಲಿ ರಾಜ್ಯಕ್ಕೆ ಇನಿಂಗ್ಸ್ ಆರಂಭಿಸುತ್ತಿದ್ದವರು ಜೆ. ಅರುಣ್ ಕುಮಾರ್. ಪ್ರಥಮ ದರ್ಜೆಯಲ್ಲಿ 7,000ಕ್ಕೂ ಹೆಚ್ಚು ರನ್ ಹೊಡೆದರೂ ಭಾರತ ತಂಡದ ಬಾಗಿಲು ಅವರಿಗೆ ತೆರೆಯಲಿಲ್ಲ. ಅದೇ ಕಾಲದ ವೇಗದ ಬೌಲರ್ ಮನ್ಸೂರ್ ಅಲಿ ಖಾನ್. ಪಟೌಡಿ ನವಾಬರ ಹೆಸರೇ, ಆದರೆ ಇವರು ಬೇರೆ. ಇವರಿಗೂ ಭಾರತದ ಕ್ಯಾಪ್ ಸಿಗಲಿಲ್ಲ.

ಆಮೇಲೆ ರಾಜ್ಯಕ್ಕೆ ಬರಗಾಲ. 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು ಬರೀ 6 ರನ್ನಿನಿಂದ ಸೋತದ್ದನ್ನು ನಮ್ಮಲ್ಲಿ ಅನೇಕರು ಇನ್ನೂ ಮರೆತಿಲ್ಲ. ಹೀಗಿರುವಾಗ ಅರುಣ್ ಕುಮಾರ್ ತಾನು ಆಡಿದ ತಂಡಕ್ಕೇ ಕೋಚ್ ಆಗಿ ಬಂದರು, ಮನ್ಸೂರ್ ಬೌಲಿಂಗ್ ಕೋಚ್ ಆದರು. 2013-14ರಲ್ಲಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ, 15 ವರ್ಷದ ನಂತರ ರಣಜಿ ಮನೆಗೆ ಬಂತು. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡಿನ ವಿರುದ್ಧ ಇನಿಂಗ್ಸ್ ಮತ್ತು 217 ರನ್ ಗೆಲುವು. ಕರುಣ್ ನಾಯರ್ 328, ನಮ್ಮ ಕರಾವಳಿಯಲ್ಲಿ ಬೆಳೆದ ಕೆ.ಎಲ್. ರಾಹುಲ್ 188. ದಾವಣಗೆರೆಯ ನಾಯಕ ವಿನಯ್ ಕುಮಾರ್ ಐದು ವಿಕೆಟ್ ಕಿತ್ತು ಶತಕವನ್ನೂ ಹೊಡೆದರು. ಎರಡೂ ವರ್ಷ ಇರಾನಿ ಕಪ್, ವಿಜಯ್ ಹಜಾರೆ ಟ್ರೋಫಿಯೂ ನಮ್ಮದೇ.

ರನ್ ಹೊಡೆದವರು, ವಿಕೆಟ್ ಕಿತ್ತವರು ಹುಡುಗರೇ. ಸ್ಕೋರ್ ಬೋರ್ಡಿನಲ್ಲಿ ಕೋಚಿನ ಹೆಸರು ಬರೋದಿಲ್ಲ. ಆದರೆ ಚೆನ್ನಾಗಿ ಆಡಿಯೂ ಆಯ್ಕೆಯಾಗದವನ ಸಂಕಟ, ಅದೇ ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕಾದವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರೋದಿಲ್ಲ. ತನಗೆ ಸಿಗದೇ ಹೋದದ್ದು ಮುಂದಿನವನಿಗೆ ಸಿಗಲಿ ಅಂತ ಕಲಿಸುವುದು ಸಣ್ಣ ಮನಸ್ಸಿನವರಿಂದ ಆಗುವ ಕೆಲಸವಲ್ಲ. ಮಕ್ಕಳಿಗೆ ಕಲಿಸುವ ನಮಗೂ ಇದು ಅರ್ಥವಾಗುತ್ತೆ: ತಾನು ಓದಿದ ಜಾಗಕ್ಕೇ ಉಸ್ತಾದ್ ಆಗಿ ಬಂದವನಿಗೆ ಹಿಂದಿನ ಬೆಂಚಿನ ಹುಡುಗ ಮೊದಲು ಕಾಣುತ್ತಾನೆ.

ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್ ಆಡಿದ ಭಾರತ ತಂಡದಲ್ಲಿದ್ದರು. ಆದರೆ ಆಟ ಕಲಿಯಲು ಚಿಕ್ಕ ವಯಸ್ಸಿಗೇ ಬೆಂಗಳೂರಿಗೆ ಹೋಗಬೇಕಾಯಿತು. ಎಲ್ಲ ಮನೆಯವರಿಗೂ ಅದು ಆಗುತ್ತಾ? ತೋಟದ ಲೈನಿನಲ್ಲಿರುವ ಮಗುವಿಗೆ, ಪೇಟೆಯ ಸಣ್ಣ ಅಂಗಡಿಯವರ ಮಗುವಿಗೆ?

ನಮ್ಮ ಹಳೆಯ ಆಟಗಾರರಲ್ಲಿ ಕೇಳುವುದು ಇಷ್ಟೇ. ಟ್ರೋಫಿ ಕೊಡಲು, ಸ್ಪಾನ್ಸರ್ ಮಾಡಲು ಬರುತ್ತೀರಿ, ಸಂತೋಷ. ವಾರಕ್ಕೊಂದು ಬೆಳಿಗ್ಗೆ ಹಾಗೇ ಬನ್ನಿ. ಟೆನಿಸ್ ಬಾಲಿನಲ್ಲಿ ಬೀಸೋದನ್ನೇ ಆಟ ಅಂದುಕೊಂಡ ಹುಡುಗನಿಗೆ ಲೆದರ್ ಬಾಲಿನ ಎದುರು ಕಾಲು ಎಲ್ಲಿಡಬೇಕು ಅಂತ ತೋರಿಸಿ. ನಿಮಗೆ ಯಾರೂ ತೋರಿಸಿರಲಿಲ್ಲ ಅಲ್ವಾ? ಅದಕ್ಕೇ.